ಮೂವತ್ತು ಡಾಲರಿನ ಋಣ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಪರಿಚಿತವಾದುದು. ಕೆರೆಯನ್ನು ಕಟ್ಟಿಸಿದವನ ಹೆಸರು, ಬಿಟ್ಟುಕೊಟ್ಟ ಭೂಮಿಯ ಎಲ್ಲೆಕಟ್ಟು, ಸಾಕ್ಷಿಗಳ ಹೆಸರು, ದಾನಕ್ಕೆ ಅಳುಪಿದವನಿಗೆ ತಗಲುವ ಪಾಪ, ಇವೆಲ್ಲವೂ ಕಲ್ಲಿನ ಮೇಲೆ ಅಚ್ಚುಕಟ್ಟಾಗಿ ನಿಂತಿರುತ್ತವೆ. ಆ ಕೆರೆಯಲ್ಲಿ ಈಜು ಕಲಿತ ಹುಡುಗರ ವಿಚಾರವನ್ನು ಮಾತ್ರ ಯಾವ ಶಾಸನವೂ ಹೇಳುವುದಿಲ್ಲ. ಕೊಟ್ಟವನು ಕಲ್ಲಿನಲ್ಲಿ ಉಳಿಯುತ್ತಾನೆ. ಪಡೆದವರು ನೀರಿನಲ್ಲಿ ಕರಗಿಹೋಗುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್ ಎಂಬ ಪಟ್ಟಣದಲ್ಲಿ 1939ರ ಬೇಸಗೆಯಲ್ಲಿ ಬರೆಯಲ್ಪಟ್ಟ ದಾನಶಾಸನವೊಂದು ಈ ಮಾತಿಗೆ ಅಪವಾದವಾಗಿದೆ. ಅದು ಹುಡುಗರ ಅಂಗಿಗಳ ಮೇಲೆ ಬರೆಯಲ್ಪಟ್ಟಿತ್ತು. ಒಂದು ತಂಡದ ಅಂಗಿಯ ಮೇಲೆ ಹಾಲಿನ ವ್ಯಾಪಾರದ ಹೆಸರು, ಇನ್ನೊಂದರ ಮೇಲೆ ಮರಮುಟ್ಟಿನ ವ್ಯಾಪಾರದ ಹೆಸರು, ಮೂರನೆಯದರ ಮೇಲೆ ಪ್ರೆಟ್ಜೆಲ್ ಎಂಬ ತಿರುಚಿದ ಉಪ್ಪುತಿಂಡಿಯನ್ನು ಮಾಡುವವರ ಹೆಸರು. ಲೈಕೋಮಿಂಗ್ ಡೈರಿ, ಲಂಡಿ ಲಂಬರ್, ಜಂಬೊ ಪ್ರೆಟ್ಜೆಲ್ ಎಂಬ ಈ ಮೂರು ತಂಡಗಳಿಂದ ಆರಂಭವಾದ ಮಕ್ಕಳ ಬೇಸ್‌ಬಾಲ್ ವ್ಯವಸ್ಥೆಯೇ ಮುಂದೆ 'ಲಿಟಲ್ ಲೀಗ್' ಎಂಬ ಹೆಸರಿನಲ್ಲಿ ಭೂಖಂಡಗಳನ್ನು ದಾಟಿತು.

ಆ ಮೂರು ಅಂಗಡಿಗಳ ಬಾಗಿಲನ್ನು ತಟ್ಟಿದವರು ಕಾರ್ಲ್ ಸ್ಟಾಟ್ಸ್. ಅವರು ಬಂಡವಾಳಗಾರರಲ್ಲ, ಆಟದಲ್ಲಿ ಹೆಸರು ಮಾಡಿದವರೂ ಅಲ್ಲ. ತೈಲ ಕಂಪೆನಿಯೊಂದರಲ್ಲಿ ಗುಮಾಸ್ತರಾಗಿದ್ದವರು. 1910ರಲ್ಲಿ ಅದೇ ಪಟ್ಟಣದಲ್ಲಿ ಹುಟ್ಟಿ, 1992ರಲ್ಲಿ ತೀರಿಕೊಂಡ ಈ ಮನುಷ್ಯನ ಬದುಕನ್ನೂ ಅವರ ಕೈಗೆ ಹಣವಿತ್ತ ಸಣ್ಣ ಊರಿನ ವ್ಯಾಪಾರಿಗಳ ನಡತೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಕೊಡುವುದೆಂದರೇನು, ಕೊಟ್ಟದ್ದು ಯಾರದಾಗುತ್ತದೆ ಎಂಬ ಹಳೆಯ ಪ್ರಶ್ನೆ ಹೊಸದೊಂದು ಆವರಣದಲ್ಲಿ ಎದುರಾಗುತ್ತದೆ.

ಊರನ್ನು ಮೊದಲು ಅರಿಯಬೇಕು. ಸಸ್ಕ್ವೆಹಾನಾ ನದಿಯ ಪಶ್ಚಿಮ ಶಾಖೆಯ ದಡದಲ್ಲಿರುವ ವಿಲಿಯಮ್ಸ್‌ಪೋರ್ಟ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರದ ವ್ಯಾಪಾರಕ್ಕೆ ಜಗತ್ತಿನ ರಾಜಧಾನಿಯೆಂದು ಕರೆಸಿಕೊಂಡಿತ್ತು. ಬೆಟ್ಟಗಳಲ್ಲಿ ಕಡಿದ ದಿಮ್ಮಿಗಳು ನದಿಯಲ್ಲಿ ತೇಲಿ ಬರುತ್ತಿದ್ದವು. ನೀರಿಗೆ ಅಡ್ಡಲಾಗಿ ಕಟ್ಟಿದ ತಡೆಬೇಲಿಯಲ್ಲಿ ಅವುಗಳನ್ನು ಹಿಡಿದು ಗುರುತು ನೋಡಿ ಬೇರ್ಪಡಿಸಿ ಗರಗಸದ ಕಾರ್ಖಾನೆಗಳಿಗೆ ಕಳುಹಿಸುತ್ತಿದ್ದರು. ಹಣವಂತರ ಮಹಲುಗಳು ಸಾಲುಗಟ್ಟಿದ ಬೀದಿಗೆ ಕೋಟ್ಯಧೀಶರ ಸಾಲು ಎಂಬ ಅರ್ಥದ ಹೆಸರೇ ಬಿದ್ದಿತ್ತು. 1889ರ ಮಹಾಪೂರದಲ್ಲಿ ತಡೆಬೇಲಿ ಒಡೆದು ದಿಮ್ಮಿಗಳೆಲ್ಲ ಕೊಚ್ಚಿಹೋದವು. ಕಾಡೂ ಬರಿದಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವಷ್ಟರಲ್ಲಿ ಆ ವೈಭವ ಕಥೆಯಾಗಿತ್ತು. ಆಮೇಲೆ ಬಂದದ್ದು 1930ರ ದಶಕದ ಆರ್ಥಿಕ ಮುಗ್ಗಟ್ಟು. ಅದರ ನಡುವೆಯೇ 1936ರಲ್ಲಿ ಮತ್ತೊಂದು ಮಹಾಪೂರ. ಸ್ಟಾಟ್ಸ್ ಹಣ ಕೇಳಿಕೊಂಡು ಹೊರಟಾಗ ಆ ಊರಿನ ವ್ಯಾಪಾರಿಗಳು ಕೋಟ್ಯಧೀಶರ ಮೊಮ್ಮಕ್ಕಳ ಕಾಲದವರು. ಡಾಲರನ್ನು ಎರಡು ಸಲ ಎಣಿಸಿ ಕೊಡುತ್ತಿದ್ದವರು.

ಆದರೂ ಆಟಕ್ಕೆಂದು ಕೈಬಿಚ್ಚುವ ವಾಡಿಕೆ ಆ ಊರಿಗೆ ಹೊಸದಾಗಿರಲಿಲ್ಲ. 1926ರಲ್ಲಿ ತೆರೆದ ಅಲ್ಲಿನ ಬೇಸ್‌ಬಾಲ್ ಕ್ರೀಡಾಂಗಣಕ್ಕೆ 1929ರಲ್ಲಿ ಬೋಮನ್ ಎಂಬ ಸ್ಥಳೀಯ ವ್ಯಾಪಾರಿಯ ಹೆಸರನ್ನಿಟ್ಟರು. ಇಂದಿಗೂ ಅದು ಬೋಮನ್ ಫೀಲ್ಡ್ ಎಂದೇ ಪ್ರಸಿದ್ಧ. ಆದರೆ ಆ ಅಂಗಣ ದೊಡ್ಡವರದು. ವೃತ್ತಿ ಆಟಗಾರರು ಆಡುವುದನ್ನು ಮಕ್ಕಳು ಬೇಲಿಯ ಸಂದಿಯಿಂದ ನೋಡಬೇಕಾಗಿತ್ತು. ಬೇಸ್‌ಬಾಲ್ ಆಟದ ಅಳತೆಗಳೇ ದೊಡ್ಡವರ ದೇಹಕ್ಕೆ ಹೊಂದಿದವು. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದಂತಿರುವ ಅಂಗಣದ ನಾಲ್ಕು ಮೂಲೆಗಳಲ್ಲಿ ನೆಲೆಗಳು. ಒಂದು ನೆಲೆಯಿಂದ ಮತ್ತೊಂದಕ್ಕೆ ತೊಂಬತ್ತು ಅಡಿ. ಚೆಂಡೆಸೆಯುವವನಿಗೂ ದಾಂಡಿಗನಿಗೂ ನಡುವೆ ಅರುವತ್ತೂವರೆ ಅಡಿ. ಎಂಟು ವರ್ಷದ ಹುಡುಗ ಆ ದೂರಕ್ಕೆ ಚೆಂಡನ್ನು ಎಸೆದರೆ ಅದು ಅರ್ಧದಲ್ಲೇ ನೆಲ ಮುಟ್ಟುತ್ತದೆ. ಓಡಿದರೆ ನೆಲೆ ಮುಟ್ಟುವ ಮೊದಲೇ ಔಟಾಗುತ್ತಾನೆ. ಆದುದರಿಂದ ಓಣಿಯ ಆಟದಲ್ಲಿ ದೊಡ್ಡ ಹುಡುಗರದೇ ಯಜಮಾನಿಕೆ. ಚಿಕ್ಕವರ ಪಾಲಿಗೆ ಬರುತ್ತಿದ್ದುದು ಬೇಲಿ ದಾಟಿದ ಚೆಂಡನ್ನು ತಂದುಕೊಡುವ ಕೆಲಸ. ಭಾರತದ ಯಾವುದೇ ಓಣಿಯಲ್ಲಿ ಕ್ರಿಕೆಟ್ ಆಡಲು ಹೋದ ಚಿಕ್ಕ ಹುಡುಗನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸ್ಟಾಟ್ಸ್ ಅವರೂ ಬಾಲ್ಯದಲ್ಲಿ ಹಾಗೆ ಕಾದು ನಿಂತವರೇ.

1938ರ ಬೇಸಗೆಯ ಒಂದು ದಿನ ಅವರು ತಮ್ಮ ಇಬ್ಬರು ಸೋದರಳಿಯಂದಿರೊಡನೆ ಮನೆಯ ಅಂಗಳದಲ್ಲಿ ಚೆಂಡಾಡುತ್ತಿದ್ದರು. ಚೆಂಡನ್ನು ಹಿಡಿಯಲು ಓಡಿದವರ ಕಾಲಿಗೆ ಕತ್ತರಿಸಿದ ಲೈಲಾಕ್ ಪೊದೆಯ ಮೋಟುಗಳು ಗೀರಿದವು. ನೋವಿನಿಂದ ಮೆಟ್ಟಿಲ ಮೇಲೆ ಕುಳಿತಾಗ, ತಮ್ಮ ಬಾಲ್ಯದ ಹರಿದ ಚೆಂಡುಗಳೂ ಸೀಳಿದ ದಾಂಡುಗಳೂ ನೆನಪಿಗೆ ಬಂದವು. ಮಕ್ಕಳಿಗೆ ಸಮವಸ್ತ್ರವಿರುವ ತಂಡ, ಹೊಸ ಚೆಂಡು, ಎತ್ತಲು ಬರುವಷ್ಟು ಹಗುರಾದ ದಾಂಡು, ಅವರ ಕಾಲಿನ ಅಳತೆಯ ಅಂಗಣ ಇವೆಲ್ಲ ಏಕಿರಬಾರದು ಎಂಬ ಯೋಚನೆ ಹೊಳೆದುದು ಆಗಲೇ. ಅಳಿಯಂದಿರಿಗೆ ಅವರು ಮಾತು ಕೊಟ್ಟರು. ಅರ್ಧಶತಮಾನದ ನಂತರ, 1992ರಲ್ಲಿ, ಅವರ ನೆನಪುಗಳು ಕೆನೆತ್ ಲಾಸ್ ಅವರ ಸಹಲೇಖನದಲ್ಲಿ ಗ್ರಂಥರೂಪ ತಳೆದಾಗ ಅದಕ್ಕೆ ಉಳಿಸಿಕೊಂಡ ಮಾತು ಎಂಬ ಅರ್ಥದ ಶೀರ್ಷಿಕೆಯನ್ನೇ ಇಟ್ಟರು.

ಮಾತನ್ನು ಉಳಿಸಿಕೊಂಡ ಬಗೆಯಲ್ಲಿ ಗುಮಾಸ್ತನ ಶಿಸ್ತು ಕಾಣುತ್ತದೆ. ನೆರೆಹೊರೆಯ ಮಕ್ಕಳನ್ನು ಬಯಲಿಗೆ ಕರೆದೊಯ್ದು, ಮಡಿಸಿದ ವೃತ್ತಪತ್ರಿಕೆಗಳನ್ನು ನೆಲೆಗಳಾಗಿ ಹಾಸಿ ಓಡಿಸಿ ನೋಡಿದರು. ಹುಡುಗ ಓಡಿ ತಲುಪುವುದಕ್ಕೂ ಚೆಂಡು ಬಂದು ಮುಟ್ಟುವುದಕ್ಕೂ ಕೂದಲೆಳೆಯ ಅಂತರ ಉಳಿಯುವವರೆಗೆ ಪತ್ರಿಕೆಗಳನ್ನು ಹಿಂದೆ ಮುಂದೆ ಸರಿಸಿದರು. ಕೊನೆಗೆ ನಿಂತ ಅಳತೆ ಅರುವತ್ತು ಅಡಿ, ದೊಡ್ಡವರ ಅಳತೆಯ ಮೂರರಲ್ಲಿ ಎರಡು ಪಾಲು. ಎಸೆತದ ದೂರ ಮುಂದಿನ ವರ್ಷಗಳಲ್ಲಿ ಕೆಲವು ತಿದ್ದುಪಡಿಗಳನ್ನು ಕಂಡು ನಲವತ್ತಾರು ಅಡಿಗೆ ನಿಂತಿತು. ನೆಲೆಗಳ ಅರುವತ್ತು ಅಡಿ ಮಾತ್ರ ಹನ್ನೆರಡು ವರ್ಷದವರೆಗಿನ ಮಕ್ಕಳ ಆಟದಲ್ಲಿ ಇಂದಿಗೂ ಹಾಗೆಯೇ ಉಳಿದಿದೆ. ಶಿಶುಸಾಹಿತ್ಯವನ್ನು ಬರೆಯುವವರು ದೊಡ್ಡವರ ಮಾತನ್ನು ಕತ್ತರಿಸಿ ಚಿಕ್ಕದು ಮಾಡಿದರೆ ಸಾಲದು, ಮಗುವಿನ ಉಸಿರಿನ ಅಳತೆಯನ್ನು ಕಂಡುಕೊಳ್ಳಬೇಕು ಎಂದು ವಿಮರ್ಶಕರು ಹೇಳುವುದುಂಟು. ಸ್ಟಾಟ್ಸ್ ಬಯಲಿನಲ್ಲಿ ಮಾಡಿದ್ದು ಅದನ್ನೇ.

ಅಳತೆ ಸಿಕ್ಕಿತು; ಹಣ ಸಿಗಬೇಕಾಗಿತ್ತು. ಕೆಲಸ ಮುಗಿದ ಮೇಲೆ ಸ್ಟಾಟ್ಸ್ ಅಂಗಡಿಯಿಂದ ಅಂಗಡಿಗೆ, ಕಚೇರಿಯಿಂದ ಕಚೇರಿಗೆ ನಡೆದರು. ಐವತ್ತಕ್ಕೂ ಹೆಚ್ಚು ಕಡೆ ಇಲ್ಲವೆಂಬ ಉತ್ತರವೇ ದೊರೆಯಿತು. ಇಲ್ಲವೆಂದವರನ್ನು ಜಿಪುಣರೆಂದು ಎಣಿಸುವುದು ನ್ಯಾಯವಲ್ಲ. ಹೆಸರಿಲ್ಲದ ಸಂಘ, ಇನ್ನೂ ಹುಟ್ಟದ ತಂಡ, ಕೇಳುವವನು ಒಬ್ಬ ಗುಮಾಸ್ತ, ಆಡುವವರು ಕೊಳ್ಳುವ ಶಕ್ತಿಯಿಲ್ಲದ ಮಕ್ಕಳು. ಲೆಕ್ಕ ಬಲ್ಲ ವ್ಯಾಪಾರಿಗೆ ಇದರಲ್ಲಿ ಲಾಭ ಕಾಣುವುದು ಸಾಧ್ಯವಿರಲಿಲ್ಲ. ಕೊನೆಗೆ ಲೈಕೋಮಿಂಗ್ ಡೈರಿ ಒಪ್ಪಿತು. ಕೊಟ್ಟ ಹಣ ಮೂವತ್ತು ಡಾಲರು. ಉಳಿದೆರಡು ವ್ಯಾಪಾರಗಳು ಅದರ ಹಿಂದೆ ಬಂದವು. ಒಂದು ತಂಡದ ಮಕ್ಕಳಿಗೆ ಸಮವಸ್ತ್ರ ತೊಡಿಸಲು ಆ ಹಣ ಸಾಕಾಯಿತು. ತಂಡಗಳನ್ನು ನೋಡಿಕೊಳ್ಳಲು ಜಾರ್ಜ್ ಬೆಬಲ್, ಬರ್ಟ್ ಬೆಬಲ್ ಎಂಬ ಸಹೋದರರು ಸ್ಟಾಟ್ಸ್ ಅವರ ಜೊತೆಗೂಡಿದರು. ಒಬ್ಬೊಬ್ಬರಿಗೆ ಒಂದೊಂದು ತಂಡ. ಅವರ ಪತ್ನಿಯರೂ ಸ್ಟಾಟ್ಸ್ ಅವರ ಪತ್ನಿ ಗ್ರೇಸ್ ಅವರೂ ಆರಂಭದ ಸಮಾಲೋಚನೆಗಳಲ್ಲಿ ಭಾಗಿಗಳಾಗಿದ್ದರು. ಚರಿತ್ರೆಯ ಮೊದಲ ಸಾಲುಗಳಲ್ಲಿ ಗಂಡಸರ ಹೆಸರುಗಳೇ ಮುಂದೆ ನಿಂತರೂ, ಅಡುಗೆಮನೆಯ ಮೇಜಿನ ಸುತ್ತ ಕುಳಿತು ನಿಯಮಗಳನ್ನು ರೂಪಿಸಿದ ಕುಟುಂಬಗಳ ಕಾರ್ಯ ಇದು ಎಂಬುದನ್ನು ಮರೆಯುವಂತಿಲ್ಲ.

1939ರ ಜೂನ್ 6ರಂದು ಮೊದಲ ಪಂದ್ಯ ನಡೆಯಿತು. ಲಂಡಿ ಲಂಬರ್ ತಂಡ ಲೈಕೋಮಿಂಗ್ ಡೈರಿಯನ್ನು 23–8ರಿಂದ ಸೋಲಿಸಿತು. ಮೊದಲು ಹಣ ಕೊಟ್ಟವರ ತಂಡವೇ ಮೊದಲ ದಿನ ಹೀನಾಯವಾಗಿ ಸೋತಿತು. ಆದರೆ ಬೇಸಗೆ ಮುಗಿಯುವ ವೇಳೆಗೆ ಆ ಡೈರಿಯ ಹುಡುಗರೇ ಲಂಡಿ ಲಂಬರಿನವರನ್ನು ಮಣಿಸಿ ಆ ವರ್ಷದ ಪ್ರಶಸ್ತಿಯನ್ನು ಪಡೆದರು. ಮಕ್ಕಳ ಆಟಕ್ಕೆ ಪೂರ್ತಿ ಒಂದು ಋತುವನ್ನು ಕೊಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ. ಒಂದು ದಿನದ ಸೋಲಿನ ಮೇಲೆ ಮನೆಗೆ ಕಳುಹಿಸಿದ್ದರೆ ಆ ಹುಡುಗರು ಏನಾಗಬಲ್ಲರೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಸಣ್ಣ ಊರಿನ ವ್ಯಾಪಾರಿ ಮಕ್ಕಳ ತಂಡಕ್ಕೆ ಹಣ ಕೊಡುವುದರ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವೇಚಿಸಬೇಕು. ಅದರಲ್ಲಿ ಜಾಹೀರಾತಿನ ಅಂಶವಿಲ್ಲವೆಂದರೆ ಸುಳ್ಳಾಗುತ್ತದೆ. ಅಂಗಿಯ ಮೇಲಿನ ಹೆಸರನ್ನು ತಾಯಿ ತಂದೆಯರು ಓದುತ್ತಾರೆ. ಓದಿದವರು ಮರುದಿನ ಅದೇ ಅಂಗಡಿಯಲ್ಲಿ ಹಾಲು ಕೊಳ್ಳಬಹುದು. ಆದರೆ ಆ ಜಾಹೀರಾತು ಕೊಟ್ಟವನನ್ನೇ ಕಟ್ಟಿಹಾಕುತ್ತದೆ. ತನ್ನ ಹೆಸರನ್ನು ಹೊತ್ತ ಹುಡುಗ ಬೀದಿಯಲ್ಲಿ ಎದುರಾಗುತ್ತಾನೆ, ಅಂಗಡಿಗೆ ಬರುತ್ತಾನೆ, ನಿನ್ನೆ ಸೋತೆವೆಂದು ತಲೆ ತಗ್ಗಿಸುತ್ತಾನೆ. ಆ ಹುಡುಗನ ತಂದೆ ತನ್ನಲ್ಲೇ ಕೆಲಸಕ್ಕಿರಬಹುದು. ಮುಂದಿನ ವರ್ಷ ಹಣ ಕೊಡುವುದಿಲ್ಲವೆಂದರೆ ಆ ಮಾತನ್ನು ಪತ್ರದಲ್ಲಿ ಬರೆದು ಮುಗಿಸುವಂತಿಲ್ಲ. ಮುಖ ನೋಡಿ ಹೇಳಬೇಕು. ಆದುದರಿಂದಲೇ ಸಣ್ಣ ಊರಿನಲ್ಲಿ ಒಮ್ಮೆ ಕೊಟ್ಟವನು ಜೀವಮಾನವೆಲ್ಲ ಕೊಡುತ್ತಲೇ ಇರುವುದುಂಟು. ಅಂಗಡಿ ಮಗನ ಕೈಗೆ ಬಂದಾಗ ತಂಡವೂ ಅದರೊಡನೆ ಬರುತ್ತದೆ. ಅಂಗಿ ತೊಟ್ಟು ಆಡಿದ ಹುಡುಗ ಬೆಳೆದು ವ್ಯಾಪಾರಿಯಾದಾಗ ತಾನೂ ಒಂದು ತಂಡಕ್ಕೆ ಅಂಗಿ ಹೊಲಿಸುತ್ತಾನೆ. ಋಣವನ್ನು ಕೊಟ್ಟವನಿಗೆ ತೀರಿಸುವ ರೂಢಿ ಇಲ್ಲಿಲ್ಲ. ಅದು ಮುಂದಿನ ಮಗುವಿಗೆ ಸಂದಾಯವಾಗುತ್ತದೆ.

ಮುಂಬಯಿಯ ಕನ್ನಡಿಗರಿಗೆ ಈ ಬಗೆಯ ಋಣದ ಪರಿಚಯ ಬೇರೆಯ ರೂಪದಲ್ಲಿದೆ. ದಕ್ಷಿಣ ಕನ್ನಡದಿಂದ ಬಂದು ಹೋಟೆಲುಗಳಲ್ಲಿ ದುಡಿದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಸಂಜೆಯ ಗಿರಾಕಿಗಳ ಹೊತ್ತಿನಲ್ಲೇ ಅವರನ್ನು ಪಾಠಕ್ಕೆ ಬಿಟ್ಟುಕೊಟ್ಟ ಯಜಮಾನರಿದ್ದರು. ಹಾಗೆ ಓದಿ ಮುಂದೆ ಬಂದವರೇ ಮತ್ತೆ ಶಾಲೆಗಳಿಗೂ ಸಂಘಗಳಿಗೂ ಆಧಾರವಾದರು. ಆಟವಾಗಲಿ ಅಕ್ಷರವಾಗಲಿ, ಕಿರಿಯರ ಪಾಲಿಗೆ ಮುಖ್ಯವಾದದ್ದು ಯಜಮಾನನು ಬಿಟ್ಟುಕೊಟ್ಟ ಆ ಒಂದೆರಡು ತಾಸು.

ವಿಲಿಯಮ್ಸ್‌ಪೋರ್ಟಿನ ಕಥೆ ಇಲ್ಲಿಗೇ ನಿಂತಿದ್ದರೆ ಅದು ಒಂದು ಸುಂದರವಾದ ಊರ ಕಥೆಯಾಗಿ ಉಳಿಯುತ್ತಿತ್ತು. ಆದರೆ ಒಳ್ಳೆಯದೊಂದು ತನ್ನ ಹುಟ್ಟೂರಿನಲ್ಲಿಯೇ ಉಳಿಯಲು ಲೋಕ ಬಿಡುವುದಿಲ್ಲ. 1946ರ ಹೊತ್ತಿಗೆ ಪೆನ್ಸಿಲ್ವೇನಿಯಾದಲ್ಲಿ ಹನ್ನೆರಡು ಲೀಗುಗಳಾಗಿದ್ದವು. 1947ರಲ್ಲಿ ನ್ಯೂಜೆರ್ಸಿಯ ಹ್ಯಾಮಂಟನ್ ಸೇರಿಕೊಂಡಿತು. ಅದೇ ವರ್ಷ ವಿಲಿಯಮ್ಸ್‌ಪೋರ್ಟಿನಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದು, ಊರಿನದೇ ಆದ ಮೇನಾರ್ಡ್ ಲೀಗಿನ ಹುಡುಗರು ಗೆದ್ದರು. ಇಂದು ವಿಶ್ವ ಸರಣಿ ಎಂದು ಕರೆಯುವ ಪಂದ್ಯಾವಳಿಯ ಆರಂಭ ಅದೇ. 1949ರಲ್ಲಿ ಲೀಗುಗಳ ಸಂಖ್ಯೆ 307. 1952ರ ಹೊತ್ತಿಗೆ ಸಾವಿರದೈನೂರನ್ನು ಮೀರಿತ್ತು. ಇಷ್ಟು ದೊಡ್ಡ ಸಂಸಾರವನ್ನು ಗುಮಾಸ್ತನ ಬಿಡುವಿನ ವೇಳೆಯೂ ಡೈರಿಯ ಮೂವತ್ತು ಡಾಲರೂ ಸಾಕಲಾರವು. 1948ರಲ್ಲಿ ಯುನೈಟೆಡ್ ಸ್ಟೇಟ್ಸ್ ರಬ್ಬರ್ ಕಂಪೆನಿ ಮೊದಲ ರಾಷ್ಟ್ರೀಯ ಪ್ರಾಯೋಜಕನಾಗಿ ಬಂತು. ಮಕ್ಕಳು ತೊಡುವ ಕೆಡ್ಸ್ ಪಾದರಕ್ಷೆಗಳನ್ನು ತಯಾರಿಸುತ್ತಿದ್ದ ಕಂಪೆನಿ ಅದು. ಸಂಸ್ಥೆ ನೋಂದಾಯಿತವಾಯಿತು, ಸ್ಟಾಟ್ಸ್ ಅದರ ಆಯುಕ್ತರಾದರು. 1952ರಲ್ಲಿ ಅದೇ ಕಂಪೆನಿಯಲ್ಲಿ ಅಧಿಕಾರಿಯಾಗಿದ್ದ ಪೀಟರ್ ಮೆಕ್‌ಗವರ್ನ್ ಸಂಸ್ಥೆಯ ಪೂರ್ಣಾವಧಿ ಅಧ್ಯಕ್ಷರಾಗಿ ಬಂದರು.

ಬಿರುಕು ಅಲ್ಲಿ ಆರಂಭವಾಯಿತು. ಊರೂರಿನ ಲೀಗುಗಳು ತಮ್ಮ ಆಡಳಿತವನ್ನು ತಾವೇ ನಡೆಸಬೇಕು, ಕೇಂದ್ರದ ನಿರ್ಧಾರಗಳಲ್ಲಿ ಅವುಗಳಿಗೆ ಮಾತಿರಬೇಕು ಎಂಬುದು ಸ್ಟಾಟ್ಸ್ ಅವರ ನಿಲುವು. ಸಾವಿರಾರು ಲೀಗುಗಳಿಗೆ ಒಂದೇ ನಿಯಮ, ಒಂದೇ ಕಚೇರಿ, ಗಟ್ಟಿಯಾದ ಹಣಕಾಸು ಬೇಕೆಂಬುದು ಹೊಸ ಆಡಳಿತದ ನಿಲುವು. ಒಂದು ಹೆತ್ತವನ ಆತಂಕ. ಮತ್ತೊಂದು ಸಾಕಬೇಕಾದವನ ಲೆಕ್ಕ. 1955ರ ಕೊನೆಯಲ್ಲಿ ಸ್ಟಾಟ್ಸ್ ತಾವೇ ಸ್ಥಾಪಿಸಿದ ಸಂಸ್ಥೆಯ ಮೇಲೆ ನ್ಯಾಯಾಲಯದ ಮೆಟ್ಟಿಲೇರಿದರು. ನ್ಯಾಯಾಲಯದ ಹೊರಗೆ ರಾಜಿಯಾಯಿತು. ಅವರು ಸಂಸ್ಥೆಯಿಂದ ಹೊರಬಂದರು. ಅವರಿಗೆ ಆಗ ವಯಸ್ಸು ನಲವತ್ತಾರರ ಆಸುಪಾಸು. ಮುಂದಿನ ಮೂರೂವರೆ ದಶಕಗಳ ಕಾಲ ಅವರು ಅದೇ ಊರಿನಲ್ಲಿ ಬದುಕಿದರು. ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ಲೋಕದ ಮಕ್ಕಳು ಅವರ ಊರಿಗೆ ಬಂದಿಳಿಯುತ್ತಿದ್ದಾಗ, ಅದನ್ನು ಆರಂಭಿಸಿದವರು ಆ ಸಂಸ್ಥೆಯಿಂದ ದೂರವೇ ಉಳಿದರು. ಹಳೆಯ ಅಂಗಣದಲ್ಲಿ ಮೂಲ ಲೀಗಿನ ಹುಡುಗರ ಆಟ ಮಾತ್ರ ಅವರ ಪಾಲಿಗೆ ಉಳಿಯಿತು.

ಇಲ್ಲಿ ಸಣ್ಣದು ಒಳ್ಳೆಯದು, ದೊಡ್ಡದು ಕೆಟ್ಟದು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಚರಿತ್ರೆ ಅಷ್ಟು ಸುಲಭವಾಗಿ ತೀರ್ಪು ಕೊಡುವುದಿಲ್ಲ. ಅದೇ 1955ರಲ್ಲಿ ನಡೆದ ಘಟನೆಯೊಂದನ್ನು ನೋಡಬೇಕು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ ಕ್ಯಾನನ್ ಸ್ಟ್ರೀಟ್ ವೈ.ಎಂ.ಸಿ.ಎ. ಆಶ್ರಯದಲ್ಲಿ ಕರಿಯ ಮಕ್ಕಳ ಲೀಗೊಂದು ನಡೆಯುತ್ತಿತ್ತು. ಅದರ ತಂಡಗಳಿಗೆ ಹಣವಿತ್ತವರಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದ ಕರಿಯ ಮನೆತನಗಳೂ ಇದ್ದವು. ಅಲ್ಲಿಯೂ ಊರಿನ ವ್ಯಾಪಾರಿಯೇ ಮಕ್ಕಳ ಬೆನ್ನಿಗಿದ್ದ. ಆ ಮಕ್ಕಳು ಪಂದ್ಯಾವಳಿಗೆ ಹೆಸರು ಕೊಟ್ಟಾಗ ಬಿಳಿಯರ ತಂಡಗಳೆಲ್ಲ ಕಣದಿಂದ ಹಿಂದೆ ಸರಿದವು. ಕೇಂದ್ರ ಕಚೇರಿ ವರ್ಣಭೇದದ ಒತ್ತಡಕ್ಕೆ ಬಾಗಿ ಆ ಮಕ್ಕಳನ್ನು ಹೊರಹಾಕಲಿಲ್ಲ, ನಿಜ. ಆದರೆ ಆಡದೆ ಗೆದ್ದ ತಂಡ ಮುಂದಿನ ಸುತ್ತಿಗೆ ಅರ್ಹವಲ್ಲ ಎಂಬ ನಿಯಮವನ್ನು ಅವರ ಮೇಲೆಯೇ ಪ್ರಯೋಗಿಸಿತು. ಅತಿಥಿಗಳಾಗಿ ವಿಲಿಯಮ್ಸ್‌ಪೋರ್ಟಿಗೆ ಕರೆಸಿಕೊಂಡು ಪ್ರೇಕ್ಷಕರ ನಡುವೆ ಕುಳ್ಳಿರಿಸಿತು. ಸಮವಸ್ತ್ರ ತೊಟ್ಟು ದಕ್ಷಿಣದಿಂದ ಬಸ್ಸಿನಲ್ಲಿ ಬಂದ ಆ ಹುಡುಗರನ್ನು ಕಂಡು, ಇವರನ್ನೂ ಆಡಲು ಬಿಡಿ ಎಂದು ಪ್ರೇಕ್ಷಕರು ಕೂಗಿದರು. ಆ ಕೂಗಿಗೆ ನಿಯಮಪುಸ್ತಕದಲ್ಲಿ ಉತ್ತರವಿರಲಿಲ್ಲ. ಮಕ್ಕಳ ಆಟದ ಬಾಗಿಲನ್ನು ಮುಚ್ಚಿದ್ದು ಊರೂರಿನ ಸ್ವಾತಂತ್ರ್ಯ. ಅದನ್ನು ತೆರೆಯಲಾರದೆ ಹೋದದ್ದು ಕೇಂದ್ರದ ಕಟ್ಟಳೆ. ಎರಡೂ ಅಂದು ಸೋತವು. 2002ರಲ್ಲಿ ಅದೇ ಊರಿನಲ್ಲಿ ಆ ತಂಡದವರನ್ನು ಗೌರವಿಸಿದಾಗ ಅವರು ತಲೆ ನರೆಯುತ್ತಿದ್ದ ಗಂಡಸರಾಗಿದ್ದರು.

ದೊಡ್ಡದಾದುದರಿಂದಲೇ ಸಾಧ್ಯವಾದ ಒಳಿತೂ ಇದೆ. 1957ರಲ್ಲಿ ಮೆಕ್ಸಿಕೊದ ಮಾಂಟೆರೇ ನಗರದ ಹುಡುಗರು, ಬಹುಮಟ್ಟಿಗೆ ಕಾರ್ಖಾನೆಯ ಕೆಲಸಗಾರರ ಮಕ್ಕಳು, ಗಡಿಯನ್ನು ಕಾಲ್ನಡಿಗೆಯಲ್ಲಿ ದಾಟಿ ಟೆಕ್ಸಾಸಿನ ಮೆಕ್ಯಾಲೆನ್ ಊರಿಗೆ ಬಂದರು. ಒಂದೆರಡು ಪಂದ್ಯಗಳಲ್ಲಿ ಸೋತು ಮರಳುವೆವೆಂದೇ ಬಂದವರು ಸೋಲಲೇ ಇಲ್ಲ. ಎದುರಾಳಿಗಳಿಗಿಂತ ಮೈಯಲ್ಲಿ ಸಣ್ಣವರಾದ ಅವರು ಗೆಲ್ಲುತ್ತ ಗೆಲ್ಲುತ್ತ ವಿಲಿಯಮ್ಸ್‌ಪೋರ್ಟನ್ನು ತಲುಪಿದರು. ಆಗಸ್ಟ್ 23ರಂದು ಕ್ಯಾಲಿಫೋರ್ನಿಯಾದ ಲಾ ಮೆಸಾ ತಂಡದ ಎದುರು ಏಂಜೆಲ್ ಮಸಿಯಾಸ್ ಎಂಬ ಹುಡುಗ ಚೆಂಡೆಸೆಯಲು ನಿಂತು, ಹದಿನೆಂಟು ದಾಂಡಿಗರಲ್ಲಿ ಒಬ್ಬನನ್ನೂ ಮೊದಲ ನೆಲೆಗೆ ತಲುಪಗೊಡಲಿಲ್ಲ. ಪ್ರಶಸ್ತಿ ಮೊದಲ ಬಾರಿಗೆ ಅಮೆರಿಕದ ಹೊರಗೆ ಹೋಯಿತು. ಆ ಪಂದ್ಯ ನಡೆದ ಅಂಗಣ ಸ್ಟಾಟ್ಸ್ ಕಾಲದ ಹಳೆಯ ಅಂಗಣವೇ. ಅವರು ಹೊರಬಂದ ಮರುವರ್ಷವೇ ಅವರ ಕನಸಿನ ಅತ್ಯಂತ ದೊಡ್ಡ ದಿನ ಬಂದದ್ದು ವಿಧಿಯ ವೈಚಿತ್ರ್ಯವೆನ್ನಬೇಕು. ಮೂರು ಅಂಗಡಿಗಳ ಊರ ಲೀಗಾಗಿಯೇ ಉಳಿದಿದ್ದರೆ ಮಾಂಟೆರೇಯ ಹುಡುಗರಿಗೆ ವಿಲಿಯಮ್ಸ್‌ಪೋರ್ಟಿನ ದಾರಿಯೇ ತಿಳಿಯುತ್ತಿರಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿಯೂ ಆತ್ಮವಿಮರ್ಶೆಗೆ ಅವಕಾಶವಿದೆ. 1950ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಊರಿನ ಕ್ಯಾಥರಿನ್ ಜಾನ್ಸ್‌ಟನ್ ಎಂಬ ಬಾಲಕಿ ಕೂದಲನ್ನು ಟೋಪಿಯೊಳಗೆ ಅಡಗಿಸಿ, ಹುಡುಗನ ಅಡ್ಡಹೆಸರಿನಲ್ಲಿ ತಂಡವನ್ನು ಸೇರಿದಳು. ಮರುವರ್ಷವೇ ಹುಡುಗಿಯರಿಗೆ ಪ್ರವೇಶವಿಲ್ಲವೆಂಬ ನಿಯಮ ಹುಟ್ಟಿತು. 1972ರಲ್ಲಿ ಹೊಬೋಕನ್ ಊರಿನ ಮರಿಯಾ ಪೆಪೆ ಮೂರು ಪಂದ್ಯಗಳನ್ನಾಡಿದ ಮೇಲೆ ಆಕೆಯನ್ನು ಬಿಡಿಸಲಾಯಿತು. ಪ್ರಶ್ನೆ ನ್ಯೂಜೆರ್ಸಿಯ ನ್ಯಾಯಪೀಠಗಳ ಮುಂದೆ ಹೋಗಿ, 1974ರಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಮರಿಯಾಗೆ ಆಡುವ ವಯಸ್ಸು ಮೀರಿತ್ತು. 2014ರ ವಿಶ್ವ ಸರಣಿಯಲ್ಲಿ ಮೋನೆ ಡೇವಿಸ್ ಎಂಬ ಫಿಲಡೆಲ್ಫಿಯಾದ ಹುಡುಗಿ ಎದುರಾಳಿಗೆ ಒಂದು ಓಟವನ್ನೂ ಕೊಡದೆ ಪಂದ್ಯವನ್ನು ಗೆದ್ದುಕೊಟ್ಟಾಗ ಈ ಸಾಲು ಒಂದು ಹಂತಕ್ಕೆ ಮುಟ್ಟಿತು. ಮಕ್ಕಳಿಗೆ ಅಂಗಣವನ್ನು ಕೊಟ್ಟ ಹಿರಿಯರು ಮಕ್ಕಳೆಂದರೆ ಯಾರು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಮೂವತ್ತೈದು ವರ್ಷ ತೆಗೆದುಕೊಂಡರು.

ಇಷ್ಟೆಲ್ಲ ಬೆಳೆದರೂ ಊರು ತನ್ನ ಪಾಲನ್ನು ಕೈಬಿಡಲಿಲ್ಲ ಎಂಬುದು ಈ ಕಥೆಯ ಸಮಾಧಾನದ ಅಂಶ. 1959ರಲ್ಲಿ ವಿಶ್ವ ಸರಣಿ ನದಿಯ ಆಚೆ ದಡದ ದಕ್ಷಿಣ ವಿಲಿಯಮ್ಸ್‌ಪೋರ್ಟಿನ ಹೊಸ ಅಂಗಣಕ್ಕೆ ವರ್ಗವಾಯಿತು. ಆ ಅಂಗಣ ಹೊವಾರ್ಡ್ ಲಮೇಡ್ ಅವರ ಹೆಸರನ್ನು ಹೊತ್ತಿದೆ. ಅವರು ವಿಲಿಯಮ್ಸ್‌ಪೋರ್ಟಿನಿಂದ ಪ್ರಕಟವಾಗುತ್ತಿದ್ದ 'ಗ್ರಿಟ್' ಎಂಬ ವಾರಪತ್ರಿಕೆಯ ಸಂಸ್ಥೆಗೆ ಸೇರಿದವರು, ಲಿಟಲ್ ಲೀಗಿನ ಆಡಳಿತ ಮಂಡಲಿಯ ಆರಂಭದ ಸದಸ್ಯರಲ್ಲಿ ಒಬ್ಬರು. ಹೊಸ ಅಂಗಣಕ್ಕೆ ಭೂಮಿ ದೊರಕುವಲ್ಲಿ ಅವರ ಕುಟುಂಬದ ನೆರವಿತ್ತು. ಗ್ರಿಟ್ ಪತ್ರಿಕೆಯನ್ನು ಅಮೆರಿಕದ ಸಣ್ಣ ಊರುಗಳಲ್ಲಿ ಮನೆಮನೆಗೆ ಮಾರುತ್ತಿದ್ದವರು ಹುಡುಗರು. ಹುಡುಗರ ಕಾಲ್ನಡಿಗೆಯಿಂದ ಬೆಳೆದ ವ್ಯಾಪಾರ ಹುಡುಗರ ಓಟಕ್ಕೆ ನೆಲ ಒದಗಿಸಲು ನೆರವಾದದ್ದು ಋಣದ ತಿರುಗುಲೆಕ್ಕವೆಂದೇ ತೋರುತ್ತದೆ. 2001ರಲ್ಲಿ ಪಂದ್ಯಾವಳಿ ಎಂಟರಿಂದ ಹದಿನಾರು ತಂಡಗಳಿಗೆ ಹಿಗ್ಗಿದಾಗ ಪಕ್ಕದಲ್ಲಿ ಎರಡನೆಯ ಅಂಗಣ ತಲೆಯೆತ್ತಿತು. ಅದಕ್ಕೆ ಯಾವ ಧನಿಕನ ಹೆಸರನ್ನೂ ಇಡದೆ ಸ್ವಯಂಸೇವಕರ ಅಂಗಣವೆಂದು ಕರೆದರು. 2022ರಿಂದ ತಂಡಗಳು ಇಪ್ಪತ್ತಾಗಿವೆ. ಮೂವತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ವಿಲಿಯಮ್ಸ್‌ಪೋರ್ಟಿನ ನೆರೆಯಲ್ಲಿ, ಆಗಸ್ಟ್ ತಿಂಗಳ ಆ ದಿನಗಳಲ್ಲಿ ಅಂಪೈರುಗಳು ಸಂಬಳವಿಲ್ಲದೆ ನಿಲ್ಲುತ್ತಾರೆ; ಪ್ರವೇಶಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ದೂರದರ್ಶನದ ಒಪ್ಪಂದಗಳೂ ದೊಡ್ಡ ಕಂಪೆನಿಗಳ ಫಲಕಗಳೂ ಅಲ್ಲಿ ಇಲ್ಲವೆಂದಲ್ಲ. ಆದರೆ ಲಮೇಡ್ ಅಂಗಣದ ಹಿಂದಿನ ಹುಲ್ಲುಗುಡ್ಡದಲ್ಲಿ ರಟ್ಟಿನ ಹಾಳೆಗಳ ಮೇಲೆ ಕುಳಿತು ಜಾರುತ್ತಿರುವ ಮಕ್ಕಳಿಗೆ ಆ ಫಲಕಗಳನ್ನು ಓದುವ ಪುರುಸೊತ್ತಿಲ್ಲ.

ನದಿಯ ಈಚೆ, ಬೋಮನ್ ಫೀಲ್ಡಿನ ಸಮೀಪದಲ್ಲಿ, 1947ರಿಂದ 1958ರವರೆಗೆ ವಿಶ್ವ ಸರಣಿ ನಡೆದ ಹಳೆಯ ಅಂಗಣ ಇಂದು ಕಾರ್ಲ್ ಸ್ಟಾಟ್ಸ್ ಅವರ ಹೆಸರನ್ನು ಹೊತ್ತು ನಿಂತಿದೆ. ಸ್ಟಾಟ್ಸ್ ಅವರ ಬದುಕನ್ನು ಸೋಲೆಂದು ಬರೆಯಬೇಕೆ, ಗೆಲುವೆಂದು ಬರೆಯಬೇಕೆ ಎಂಬುದು ಚರಿತ್ರೆಕಾರನನ್ನು ಕಾಡುವ ಪ್ರಶ್ನೆ. ತಾವು ಕಟ್ಟಿದ ಮನೆಯಿಂದ ಹೊರಬಿದ್ದವರೆಂಬುದು ಸತ್ಯ. ಆ ಮನೆ ಬೀಳಲಿಲ್ಲವೆಂಬುದೂ ಸತ್ಯ. ಅವರ ಮನಸ್ಸಿನ ಕಹಿಯನ್ನು ಅಲ್ಲಗಳೆಯುವಂತಿಲ್ಲ; ಸಂಸ್ಥೆಯ ಹಿರಿಮೆಯನ್ನು ತೋರಿಸಿ ಅವರ ನೋವನ್ನು ಕಿರಿದು ಮಾಡುವುದೂ ಸಲ್ಲದು. ಆದರೆ ಅವರು ಅಳಿಯಂದಿರಿಗೆ ಕೊಟ್ಟ ಮಾತು ಸಂಸ್ಥೆಯೊಂದನ್ನು ಆಳುವುದರ ಬಗೆಗೆ ಆಗಿರಲಿಲ್ಲ. ಮಕ್ಕಳಿಗೆ ಒಂದು ತಂಡ, ಒಂದು ಅಂಗಿ, ಅವರ ಅಳತೆಯ ಅಂಗಣ, ಇಷ್ಟೇ ಆ ಮಾತು. ಅದನ್ನು ಅವರು 1939ರಲ್ಲಿಯೇ ಸಲ್ಲಿಸಿದ್ದರು. ಹೊರಬಂದ ಮೇಲೂ ಹಳೆಯ ಅಂಗಣದ ಹುಡುಗರನ್ನು ಬಿಡಲಿಲ್ಲ.

ಆ ಡೈರಿಯವರು ಕೊಟ್ಟ ಮೂವತ್ತು ಡಾಲರಿಗೆ ಎಂದೂ ರಸೀದಿ ಕೇಳಿರಲಾರರು. ಕೇಳಿದ್ದರೂ ಅದರಲ್ಲಿ ಏನೆಂದು ಬರೆಯಬಹುದಾಗಿತ್ತು? ಪ್ರತಿ ವಸಂತದಲ್ಲಿ ಯಾವುದೋ ಸಣ್ಣ ಊರಿನ ಅಂಗಡಿಯೊಂದಕ್ಕೆ ಯಾರೋ ಒಬ್ಬರು ಮಕ್ಕಳ ತಂಡದ ಪಟ್ಟಿಯನ್ನು ಹಿಡಿದು ಬರುತ್ತಾರೆ. ಗಲ್ಲೆಯ ಹಿಂದೆ ಕುಳಿತವನು ಸ್ವಲ್ಪ ಹೊತ್ತು ಯೋಚಿಸಿ, ವ್ಯಾಪಾರ ಈ ಸಲ ಅಷ್ಟಕ್ಕಷ್ಟೇ ಎಂದು ಗೊಣಗಿ, ಕೊನೆಗೆ ಚೆಕ್ ಬರೆದುಕೊಡುತ್ತಾನೆ. ಕೆಲವು ವಾರಗಳ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಆ ಅಂಗಡಿಯ ಹೆಸರಿರುವ ಅಂಗಿಯನ್ನು ತೊಟ್ಟು, ತೋಳು ಉದ್ದವಾಯಿತೆಂದು ಮಡಚಿಕೊಂಡು, ಅರುವತ್ತು ಅಡಿ ಆಚೆಯ ಮೊದಲ ನೆಲೆಯತ್ತ ಓಡುತ್ತಾಳೆ.